ಹೆಪ್ಪುಗಟ್ಟದ ಸೀಸೆ

ಬಾಳೆಕೊಪ್ಪ ಎಸ್ಟೇಟಿನಲ್ಲಿ ಆ ಬೆಳಿಗ್ಗೆ ಯಾರೂ ಸತ್ತಿರಲಿಲ್ಲ. ಬಾಗಿಲು ಮುರಿದಿರಲಿಲ್ಲ, ಕಪಾಟು ಒಡೆದಿರಲಿಲ್ಲ. ಹಾಳಾಗಿದ್ದು ಗಾಜಿನ ಪುಟ್ಟ ತಟ್ಟೆಗಳಲ್ಲಿದ್ದ, ಬರಿಗಣ್ಣಿಗೆ ಕಾಣದ ಒಂದಿಷ್ಟು ನರಕೋಶಗಳು. ಅವೂ ಕೋಳಿಮರಿಯವು. ಮೊಟ್ಟೆಯಿಂದ ಇನ್ನೂ ಹೊರಗೇ ಬಾರದ ಮರಿಯವು.

ಎ.ಎಸ್.ಐ. ಸಿದ್ದಬಸಪ್ಪನಿಗೆ ನಗು ಬರಬೇಕಿತ್ತು. ಬರಲಿಲ್ಲ. 2003ರ ಆ ಡಿಸೆಂಬರಿನಲ್ಲಿ ಅವನಿಗೆ ನಗುವಷ್ಟು ತ್ರಾಣವೂ ಉಳಿದಿರಲಿಲ್ಲ. ವಾರವಿಡೀ ನಕ್ಸಲರನ್ನು ಹುಡುಕುತ್ತ ಕುದುರೆಮುಖದ ಕಡೆ ಕಾಡು ಸುತ್ತಿ ಮಂಡಿ ಬಾತುಕೊಂಡಿತ್ತು. ಮುಂದಿನ ವರ್ಷ ನಿವೃತ್ತಿ. ಅಲ್ಲಿಯವರೆಗೆ ಯಾರೂ ಯಾರನ್ನೂ ಏನೂ ಮಾಡದೆ ತೆಪ್ಪಗಿದ್ದರೆ ಸಾಕಪ್ಪಾ ಎಂಬುದೊಂದೇ ಅವನ ಆಸೆ. ಅಷ್ಟರಲ್ಲಿ ಡಾಕ್ಟರ್ ಪೂರ್ಣೇಶ್ ಠಾಣೆಗೆ ಫೋನು ಮಾಡಿದ್ದರು. ಪ್ರಯೋಗಾಲಯದಲ್ಲಿ ಔಷಧಿ ಕಳವಾಗಿದೆ, ಕೆಲಸ ಹಾಳು ಮಾಡಿದ್ದಾರೆ, ಮಾಡಿದವಳೂ ಕೈಗೆ ಸಿಕ್ಕಿದ್ದಾಳೆ, ಬಂದು ಕರೆದುಕೊಂಡು ಹೋಗಿ ಎಂದು.

ಮಾಡಿದವಳು ಎಂದರೆ ಭವ್ಯಾ. ಎಸ್ಟೇಟಿನ ಕೂಲಿ ಲೈನಿನ ಜವರಮ್ಮನ ಮಗಳು. ಪಿಯುಸಿ ಮುಗಿಸಿ, ಡಾಕ್ಟರ ಹತ್ತಿರ ಮೊಟ್ಟೆಗಳನ್ನು ಕಾವಿಗಿಡುವುದು, ಗಾಜು ತೊಳೆಯುವುದು, ತಟ್ಟೆಯ ಕೋಶಗಳಿಗೆ ಪೋಷಕದ್ರವ ಹಾಕುವುದು ಮಾಡಿಕೊಂಡಿದ್ದಳು. ಸಿದ್ದಬಸಪ್ಪ ಜೀಪು ಇಳಿದಾಗ ಅವಳು ಪ್ರಯೋಗಾಲಯದ ಮೆಟ್ಟಿಲ ಮೇಲೆ ಮೊಣಕಾಲಿಗೆ ಮುಖ ಕೊಟ್ಟು ಕೂತಿದ್ದಳು. ಕೆಲಸವಂತೂ ಹೋಯಿತು. ಸಂಜೆಯೊಳಗೆ ಲೈನ್ ಮನೆಯನ್ನೂ ಖಾಲಿ ಮಾಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ತಾಯಿ ಗಂಟು ಕಟ್ಟಲು ಶುರು ಮಾಡಿದ್ದಳು.

ಎದುರಿನ ಕಣದಲ್ಲಿ ಕಾಫಿ ಒಣಗುತ್ತಿತ್ತು. ಅದನ್ನು ಹರಡಿಸುತ್ತಿದ್ದ ಡಾಕ್ಟರ ತಮ್ಮ ಧರ್ಮೇಶ್ ಪೊಲೀಸರನ್ನು ಕಂಡು ಹತ್ತಿರ ಬಂದ. ಅಯ್ಯಪ್ಪನ ಮಾಲೆ ಹಾಕಿದ್ದ. ಕಪ್ಪು ಪಂಚೆ, ಬರಿಗಾಲು, ಬೆಳೆದ ಗಡ್ಡ. ಮಾಲೆ ಹಾಕಿದವರು ಯಾರೇ ಆಗಲಿ, ಆ ದಿನಗಳಲ್ಲಿ ಎಲ್ಲರಿಗೂ ಸ್ವಾಮಿಯೇ. ಸಿದ್ದಬಸಪ್ಪ ಟೋಪಿ ತೆಗೆದು ಕೈಮುಗಿದ.

"ಸ್ವಾಮಿ ಶರಣಂ," ಎಂದ ಧರ್ಮೇಶ್.

ಬಾಯಿ ತೆರೆದದ್ದೇ ತಡ, ಗಪ್ಪೆಂದು ಬೆಳ್ಳುಳ್ಳಿ ವಾಸನೆ ಹೊಡೆಯಿತು. ಸಿದ್ದಬಸಪ್ಪ ಮುಖ ಆಚೆ ತಿರುಗಿಸಿದ. ವ್ರತದಲ್ಲಿರುವವರಿಗೆ ಈರುಳ್ಳಿ ಬೆಳ್ಳುಳ್ಳಿ ಸೇರದು. ಪಾಪ, ಯಾರೋ ಕೊಟ್ಟ ಚಟ್ನಿಗೆ ಆಸೆಬಿದ್ದಿರಬೇಕು. ಹೋಗಲಿ, ವ್ರತ ಕೆಡಿಸಿಕೊಂಡರೆ ಅದಕ್ಕೆ ಐಪಿಸಿಯಲ್ಲಿ ಸೆಕ್ಷನ್ ಇಲ್ಲ ಎಂದುಕೊಂಡ. ಧರ್ಮೇಶ್ ಒಂದೇ ಸಮನೆ ಅಂಗೈ ಕೆರೆದುಕೊಳ್ಳುತ್ತಿದ್ದ. ಕೆಂಪಗೆ ದದ್ದು ಎದ್ದಿತ್ತು. ಕೇಳಿದ್ದಕ್ಕೆ, ಗಿಡದಲ್ಲಿ ಚಗಳಿ ಇರುವೆ ಕಚ್ಚಿತು ಎಂದ.

ಪ್ರಯೋಗಾಲಯ ಎಂದರೆ ಹಳೆಯ ಕಾಫಿ ಗೋಡೌನು. ಗೋಡೆಗೆ ಸುಣ್ಣ ಹೊಡೆಸಿ, ಫ್ರಿಜ್, ಮೈಕ್ರೋಸ್ಕೋಪ್, ತಟ್ಟೆಗಳನ್ನು ಬೆಚ್ಚಗಿಡುವ ಪೆಟ್ಟಿಗೆ ತಂದಿಟ್ಟಿದ್ದರು. ಒಳಗೆ ಡಾಕ್ಟರ್ ಪೂರ್ಣೇಶ್ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದ್ದರು. ಹೊರದೇಶದಲ್ಲಿ ಓದಿ, ಅಲ್ಲಿನ ಕೆಲಸ ಬಿಟ್ಟು, ಸ್ವಂತ ತೋಟದಲ್ಲೇ ಸಂಶೋಧನೆ ಮಾಡುತ್ತೇನೆಂದು ಹಟಹಿಡಿದು ಬಂದವರು. ನಾಳೆ ಬೆಂಗಳೂರಿನಿಂದ ಇಬ್ಬರು ವಿಜ್ಞಾನಿಗಳು ಬರುವವರಿದ್ದರು. ಅವರು ಕಣ್ಣಾರೆ ನೋಡಿ ಒಪ್ಪಿದರೆ ಪ್ರಯೋಗಾಲಯ ಮುಂದುವರಿಯುತ್ತಿತ್ತು. ಇಲ್ಲವೆಂದರೆ ಬಾಗಿಲು ಹಾಕುವುದೇ.

"ನಿನ್ನೆ ಸಂಜೆ ನಾನು ಚಿಕ್ಕಮಗಳೂರಲ್ಲಿ. ನನ್ನ ಸ್ಟೂಡೆಂಟು ಸೌಂದರ್ಯ ವಸ್ತಾರೇಲಿ, ಅವಳ ಮನೇಲಿ. ಇಲ್ಲಿದ್ದಿದ್ದು ಆ ಹುಡುಗಿ ಒಬ್ಬಳೇ. ಬೀಗ ಹಾಕಿದ್ದೂ ಅವಳೇ. ಇನ್ನೇನು ವಿಚಾರಣೆ ಬೇಕು?"

"ಬೇರೆ ಕೀ ಇಲ್ವಾ?"

"ನನ್ನ ಹತ್ರ ಒಂದು, ಸೌಂದರ್ಯ ಹತ್ರ ಒಂದು. ಇನ್ನೊಂದು ನಮ್ಮ ಮನೆ ಅಡುಗೆಮನೇಲಿ ನೇತಾಡುತ್ತೆ. ಅದನ್ನ ಯಾರು ಮುಟ್ತಾರೆ?"

ಸಿದ್ದಬಸಪ್ಪ ಸ್ಟೂಲು ಎಳೆದುಕೊಂಡು ಕೂತ. ಮಂಡಿ ನೋಯುವಾಗ ನಿಂತು ವಿಚಾರಣೆ ಮಾಡುವುದು ಅವನಿಂದಾಗದ ಕೆಲಸ. ಪಕ್ಕದಲ್ಲಿ ನಿಂತಿದ್ದ ಸೌಂದರ್ಯ ಡಾಕ್ಟರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ನಾಲ್ಕು ವರ್ಷದ ದುಡಿಮೆ ಕೈಬಿಟ್ಟುಹೋದ ಮುಖ ಅವಳದು. ಆದರೂ ಅವಳು ತಾಳ್ಮೆಯಿಂದ ಅವನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಮೊದಲು ಹಳೆಯ ಫೋಟೋ ಒಂದನ್ನು ತೋರಿಸಿದಳು. ದುಂಡನೆಯ ಕೋಶ, ಅದರಿಂದ ಹೊರಟ ಉದ್ದನೆಯ ಎಳೆ, ಎಳೆಯ ತುದಿಯಲ್ಲಿ ಬೆರಳು ಬಿಡಿಸಿದ ಪುಟ್ಟ ಕೈಯಂಥದ್ದು. ಆ ಕೈಯೇ ನರಕ್ಕೆ ದಾರಿ ಹುಡುಕುವುದಂತೆ. ಆಮೇಲೆ ಈ ಬೆಳಗಿನ ತಟ್ಟೆ ನೋಡಲು ಹೇಳಿದಳು. ಕೋಶವಿತ್ತು. ಗಿಡ್ಡ ಎಳೆಯೂ ಇತ್ತು. ತುದಿಯ ಕೈ ಅಗಲವಾಗಿ ಹರಡಿ, ಇದ್ದಲ್ಲೇ ಅಂಟಿಕೊಂಡಿತ್ತು.

"ಸತ್ತಿದೆಯಾ?"

"ಇಲ್ಲ ಸಾರ್. ಅದೇ ಸೋಜಿಗ. ಜೀವ ಇದೆ. ಹೋಗೋದು ಎಲ್ಲಿಗೆ ಅಂತ ಗೊತ್ತಾಗ್ತಿಲ್ಲ, ಅಷ್ಟೇ."

ಅವಳು ವಿವರಿಸಿದಳು. ನರದ ತುದಿಗೆ ಹೊರಗಿನಿಂದ ರಾಸಾಯನಿಕದ ಸೂಚನೆ ಬರುತ್ತದೆ. ಈ ಕಡೆ ಬಾ, ಆ ಕಡೆ ಬೇಡ ಎಂದು. ಅದನ್ನು ಕೋಶದ ಒಳಗೆ ದಾಟಿಸುವುದು ಕಿಣ್ವಗಳು. ಒಂದು ಕಿಣ್ವ ಇನ್ನೊಂದಕ್ಕೆ ಫಾಸ್ಫೇಟಿನ ಚೂರು ಅಂಟಿಸಿ ಎಬ್ಬಿಸುತ್ತದೆ, ಎದ್ದದ್ದು ಮುಂದಿನದನ್ನು ಎಬ್ಬಿಸುತ್ತದೆ. ಹೀಗೆ ಹೋಗಿ ಹೋಗಿ...

"ಅಮ್ಮಾ, ವಿಜ್ಞಾನದಲ್ಲಿ ನಾನು ಪಾಸಾಗಿದ್ದೇ ಪುಣ್ಯ. ಸ್ವಲ್ಪ ಕೆಳಗಿಳಿದು ಹೇಳಿ."

ಸೌಂದರ್ಯ ಕಿಟಕಿಯಾಚೆ ನೋಡಿದಳು. "ಗೌಡ್ರು ರೈಟರಿಗೆ ಹೇಳ್ತಾರೆ. ರೈಟರು ಮೇಸ್ತ್ರಿಗೆ. ಮೇಸ್ತ್ರಿ ಆಳುಗಳಿಗೆ, ಇವತ್ತು ಈ ಸಾಲು ಕುಯ್ಯಿ ಅಂತ. ಸಾಲು ಕುಯ್ಯೋದು ಆಳುಗಳೇ. ಆದ್ರೆ ಮೇಸ್ತ್ರಿ ಬಾಯಿ ಕಟ್ಟಿದ್ರೆ?"

"ಆಳುಗಳು ಬುಟ್ಟಿ ಹಿಡ್ಕೊಂಡು ನಿಂತಲ್ಲೇ ನಿಂತಿರ್ತಾರೆ."

"ಅಷ್ಟೇ ಸಾರ್. ಮೇಸ್ತ್ರಿಯಂಥ ಒಂದು ಕಿಣ್ವದ ಬಾಯಿ ಕಟ್ಟೋ ಔಷಧಿ ನಮ್ಮ ಹತ್ರ ಇದೆ. ಅರ್ಧ ತಟ್ಟೆಗಳಿಗೆ ಅದನ್ನ ಹಾಕ್ತೀವಿ, ಅರ್ಧಕ್ಕೆ ಹಾಕಲ್ಲ. ಹಾಕದೇ ಇರೋದು ದಾರಿ ಹಿಡಿದು ಬೆಳೀಬೇಕು, ಹಾಕಿದ್ದು ನಿಲ್ಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ನಾಳೆ ತೋರಿಸಬೇಕಿತ್ತು. ಇವತ್ತು ನೋಡಿದ್ರೆ ಎಲ್ಲವೂ ನಿಂತಿವೆ."

ಡಾಕ್ಟರು ನಡುವೆ ಬಾಯಿ ಹಾಕಿದರು. ನೋಡಿದವರು ಏನೆನ್ನುತ್ತಾರೆ? ಇವನ ಕೋಶಗಳು ಬೆಳೆಯುವುದೇ ಇಲ್ಲ, ಇವನ ಸಂಶೋಧನೆಯೇ ಪೊಳ್ಳು ಎನ್ನುತ್ತಾರೆ. ಆ ಹುಡುಗಿ ಬೇಜವಾಬ್ದಾರಿಯಿಂದ ಎಲ್ಲದಕ್ಕೂ ಔಷಧಿ ಸುರಿದು, ಗೊತ್ತಾಗಬಾರದೆಂದು ಸೀಸೆಗೆ ನೀರು ತುಂಬಿಸಿಟ್ಟಿದ್ದಾಳೆ.

"ನೀರು ತುಂಬಿಸಿದ್ದು ಹೇಗೆ ಗೊತ್ತಾಯ್ತು?"

ಸೌಂದರ್ಯ ಕೈಗೆ ಗ್ಲೌಸ್ ಹಾಕಿಕೊಂಡು ಫ್ರಿಜ್ಜಿನಿಂದ ನೀಲಿ ಮುಚ್ಚಳದ, ಅಗಲ ಬಾಯಿಯ ಸೀಸೆಯೊಂದನ್ನು ತೆಗೆದಳು. ಔಷಧಿಯನ್ನು ಕರಗಿಸಿಟ್ಟ ದ್ರಾವಕ ಚಳಿಗೆ ಗಟ್ಟಿಯಾಗುವಂಥದ್ದು. ಈ ತಿಂಗಳಲ್ಲಿ ಮನೆಯ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದಲ್ಲ, ಹಾಗೆ. ಫ್ರಿಜ್ಜಿನಲ್ಲಂತೂ ಕಲ್ಲಿನಂತಿರುತ್ತದೆ. ಇವತ್ತು ಬೆಳಿಗ್ಗೆ ತೆಗೆದರೆ ಸೀಸೆ ತುಂಬ ಇತ್ತು, ಆದರೆ ಗಟ್ಟಿಯಾಗಿರಲಿಲ್ಲ. ತಿರುಗಿಸಿದರೆ ಕುಲುಕಾಡಿತು. ನೀರು ಬೆರೆತರೆ ಮಾತ್ರ ಹಾಗಾಗುವುದು.

"ದಿನಾ ಇದನ್ನ ಕರಗಿಸೋದು ಹೇಗೆ?"

"ಉಗುರುಬೆಚ್ಚನೆ ನೀರಲ್ಲಿ ಸೀಸೆ ಇಡ್ತೀವಿ. ಭವ್ಯಾನೇ ಇಡೋದು. ಗ್ಲೌಸ್ ಇಲ್ದೆ ಮುಟ್ಟೋ ಹಾಗಿಲ್ಲ, ಚರ್ಮದೊಳಗೆ ಇಳಿದುಬಿಡುತ್ತೆ. ನಾನೊಂದ್ಸಲ ಕೈಮೇಲೆ ಚೆಲ್ಲಿಕೊಂಡಿದ್ದೆ. ಅವತ್ತು ಬಸ್ಸಲ್ಲಿ ಪಕ್ಕ ಕೂತಿದ್ದೋರು ಎದ್ದು ಬೇರೆ ಕಡೆ ಹೋದ್ರು."

ಯಾಕೆ ಎದ್ದು ಹೋದರು ಎಂದು ಸಿದ್ದಬಸಪ್ಪ ಕೇಳಬೇಕಿತ್ತು. ಕೇಳಲಿಲ್ಲ. ಆ ಹೊತ್ತಿಗೆ ಅವನ ತಲೆ ಮರಗಟ್ಟಿತ್ತು. ಕಿಣ್ವ, ಫಾಸ್ಫೇಟು, ದ್ರಾವಕ ಎಲ್ಲ ಸೇರಿ ಕಲಸಿದ ಅನ್ನವಾಗಿತ್ತು. ಅವನು ಎದ್ದು ಹೊರಗೆ ಹೋಗಿ ಭವ್ಯಾಳ ಪಕ್ಕ ಮೆಟ್ಟಿಲ ಮೇಲೆ ಕೂತ.

ಅವಳು ತಲೆ ಎತ್ತಲಿಲ್ಲ. ನಿನ್ನೆ ಸಂಜೆ ಏನೇನು ಮಾಡಿದೆ ಎಂದು ಕೇಳಿದ. ನಿನ್ನೆ ಬೆಳಿಗ್ಗೆಯೇ ಅರ್ಧ ತಟ್ಟೆಗಳಿಗೆ ಸೌಂದರ್ಯ ಅಕ್ಕ ಔಷಧಿ ಹಾಕಿಯಾಗಿತ್ತು. ಸಂಜೆ ನಾನು ಪೆಟ್ಟಿಗೆಯ ಬಿಸಿ ನೋಡಿ, ಬೀಗ ಹಾಕಿ, ಲೈನಿಗೆ ಹೋದೆ. ಸೀಸೆಯನ್ನು ಮುಟ್ಟುವ ಕೆಲಸವೇ ಇರಲಿಲ್ಲ. ಇಷ್ಟನ್ನೇ ಬೆಳಿಗ್ಗೆಯಿಂದ ಹೇಳುತ್ತಿದ್ದೇನೆ, ಯಾರೂ ಕೇಳುತ್ತಿಲ್ಲ ಎಂದಳು.

"ಆ ಸೀಸೆಗೆ ನೀರು ಹಾಕಿದ್ರೆ ಏನಾಗುತ್ತೆ ಅಂತ ನಿಂಗೆ ಗೊತ್ತಾ ಮಗಾ?"

"ಗಟ್ಟಿಯಾಗಲ್ಲ ಸಾರ್. ಮಾರನೇ ದಿನವೇ ಗೊತ್ತಾಗಿಬಿಡುತ್ತೆ. ಗೊತ್ತಿದ್ದೂ ಯಾರಾದ್ರೂ ಹಾಕ್ತಾರಾ?"

ಸಿದ್ದಬಸಪ್ಪ ಅವಳ ಮುಖವನ್ನೇ ನೋಡಿದ. ಹುಡುಗಿ ತನಗರಿವಿಲ್ಲದೆಯೇ ತನ್ನ ಪರ ವಾದಿಸಿಬಿಟ್ಟಿದ್ದಳು. ಆ ಮಾತು ನಿಜವಾದರೆ, ಮಾಡಿದವನು ಆ ಸೀಸೆಯನ್ನು ಬಳಸಿ ಗೊತ್ತಿಲ್ಲದವನು. ಆದರೆ ಔಷಧಿ ಏನು ಮಾಡುತ್ತದೆಂದು ಗೊತ್ತಿರುವವನು. ಅಂಥವರು ಯಾರಿದ್ದಾರೆ?

ಊಟಕ್ಕೆ ಏಳಿ ಎಂದು ದೊಡ್ಡಮನೆಯಿಂದ ಕರೆ ಬಂತು. ಆರೋಪಿ ಮೆಟ್ಟಿಲ ಮೇಲೆ ಉಪವಾಸ ಕೂತಿರುವಾಗ ಉಣ್ಣಲು ಮನಸ್ಸು ಬರಲಿಲ್ಲ, ಆದರೂ ಹೊಟ್ಟೆ ಕೇಳಬೇಕಲ್ಲ. ಅಡುಗೆಯ ರಾಮಮ್ಮ ಅನ್ನಕ್ಕೆ ಬೇಳೆಸಾರು ಬಡಿಸಿದಳು. ಸಿದ್ದಬಸಪ್ಪ ಎರಡು ತುತ್ತು ಉಂಡು ಸುಮ್ಮನಾದ. ರಾಮಮ್ಮನೇ ಸಂಕೋಚದಿಂದ ಹೇಳಿದಳು, ಚಿಕ್ಕಗೌಡ್ರು ಮಾಲೆ ಹಾಕಿದ ಮೇಲೆ ಈ ಮನೆಯೊಳಗೆ ಬೆಳ್ಳುಳ್ಳಿ ಬಂದಿಲ್ಲ, ಸಾರು ಸಪ್ಪೆ ಎನಿಸಬಹುದು ಎಂದು. ಸ್ವಾಮಿಗಳು ಹೊರಗೆಲ್ಲಾದರೂ ಉಣ್ಣುತ್ತಾರಾ ಎಂದು ಅವನು ಕೇಳಿದ. ಛೇ, ಹೊರಗಿನ ನೀರು ಕೂಡ ಮುಟ್ಟುವುದಿಲ್ಲ, ಅಷ್ಟು ಕಟ್ಟುನಿಟ್ಟು ಎಂದಳು ರಾಮಮ್ಮ.

ಡಾಕ್ಟರು ಎದುರು ಕೂತು ಊಟದುದ್ದಕ್ಕೂ ತಮ್ಮ ಕಿಣ್ವದ ಪುರಾಣವನ್ನೇ ಹೇಳುತ್ತಿದ್ದರು. ನೀಲಿ ಮುಚ್ಚಳದ ಸೀಸೆ, ಅದರ ನಾಲ್ಕು ಹನಿ, ನರದ ಓಟ ಬಂದ್. ರಾಮಮ್ಮ ಮಜ್ಜಿಗೆ ಬಡಿಸುತ್ತ, ದಿನಾ ಇದೇ ಕಥೆ, ನನಗೂ ಬಾಯಿಪಾಠವಾಗಿದೆ ಎಂದು ಗೊಣಗಿದಳು.

ಸಿದ್ದಬಸಪ್ಪನ ಕೈ ಎಲೆಯ ಮೇಲೆ ನಿಂತಿತು. ಅವನು ಎದ್ದು ಕೈತೊಳೆದು, ಮಂಡಿ ಎಳೆದುಕೊಂಡು ನೇರ ಪ್ರಯೋಗಾಲಯಕ್ಕೆ ಹೋದ. ಸೌಂದರ್ಯಳನ್ನು ಕೇಳಿದ್ದು ಒಂದೇ ಪ್ರಶ್ನೆ. ಅವಳು ಉತ್ತರ ಕೊಟ್ಟಳು. ಅವನು ಸ್ವಲ್ಪ ಹೊತ್ತು ಗೋಡೆಗೆ ಒರಗಿ ನಿಂತ. ಲೈನಿನ ಹುಡುಗಿ ಎಂದಿದ್ದರೆ ಕೇಸು ಮುಗಿದಿರುತ್ತಿತ್ತು, ಠಾಣೆಗೆ ಹೋಗಿ ಕಾಲು ಚಾಚಬಹುದಿತ್ತು. ಈಗ ಹೇಳಬೇಕಾದ ಹೆಸರು ಬೇರೆ. ಸಾಕಪ್ಪಾ ಈ ನೌಕರಿ ಎನಿಸಿತು.

ದೊಡ್ಡಮನೆಯ ಜಗಲಿಗೆ ಎಲ್ಲರನ್ನೂ ಕರೆಸಿದ. ಡಾಕ್ಟರು, ಸೌಂದರ್ಯ, ಕಣದಿಂದ ಬಂದ ಧರ್ಮೇಶ್. ಭವ್ಯಾ ಆಗಲೇ ಲೈನಿಗೆ ಹೋಗಿದ್ದಳು.

"ಡಾಕ್ಟ್ರೇ, ನಿಮ್ಮ ಕೆಲಸ ಹಾಳು ಮಾಡೋದಷ್ಟೇ ಬೇಕಿದ್ರೆ ಪೆಟ್ಟಿಗೆಯ ಕರೆಂಟು ತೆಗೆದಿದ್ರೆ ಸಾಕಿತ್ತು. ತಟ್ಟೆ ಒಡೆದುಹಾಕಿದ್ರೂ ಆಗ್ತಿತ್ತು. ಇವರು ಹಾಗೆ ಮಾಡ್ಲಿಲ್ಲ. ಕೋಶಗಳನ್ನ ಬದುಕೋಕೆ ಬಿಟ್ರು, ದಾರಿ ಮಾತ್ರ ತಪ್ಪಿಸಿದ್ರು. ಯಾಕೆ? ಯಾರೋ ಹಾಳು ಮಾಡಿದ್ದು ಅಂತ ಅನ್ನಿಸಬಾರದು, ನಿಮ್ಮ ವಿದ್ಯೆಯೇ ಸೋತಿದ್ದು ಅನ್ನಿಸಬೇಕು. ನಾಳೆ ಬಂದವರು ತಲೆ ಅಲ್ಲಾಡಿಸಿ ಹೋಗ್ಬೇಕು."

"ಅದೇ ಆ ಹುಡುಗಿ—"

"ಆ ಹುಡುಗಿ ದಿನಾ ಸೀಸೆಯನ್ನ ಬಿಸಿನೀರಲ್ಲಿ ಇಡೋಳು. ನೀರು ಬೆರೆಸಿದ್ರೆ ಸಿಕ್ಕಿಬೀಳ್ತೀನಿ ಅಂತ ಅವಳಿಗೆ ಚೆನ್ನಾಗಿ ಗೊತ್ತು. ಈ ಸೌಂದರ್ಯಮ್ಮನಿಗೂ ಗೊತ್ತು, ನಿಮಗೂ ಗೊತ್ತು. ಗೊತ್ತಿಲ್ಲದವರು ಯಾರು? ಔಷಧಿ ಕಥೆಯನ್ನ ಊಟದ ಹೊತ್ತಲ್ಲಿ ದಿನಾ ಕೇಳಿದವರು. ಸೀಸೆಯನ್ನ ಕೈಯಲ್ಲಿ ಹಿಡಿದು ನೋಡದೇ ಇದ್ದವರು."

ಸಿದ್ದಬಸಪ್ಪ ಧ್ವನಿ ಏರಿಸದೆ ಮುಂದುವರಿಸಿದ. ನಿನ್ನೆ ಸಂಜೆ ಒಬ್ಬರು ಅಡುಗೆಮನೆಯ ಕೀ ತಗೊಂಡು ಒಳಗೆ ಹೋದರು. ಫ್ರಿಜ್ ತೆಗೆದರು. ನೋಡಿದರೆ ಸೀಸೆಯೊಳಗಿನದು ಕಲ್ಲಾಗಿದೆ, ಡ್ರಾಪರು ಇಳಿಯುವುದಿಲ್ಲ. ಮಲೆನಾಡಿನವರು ಆಗ ಏನು ಮಾಡುತ್ತೇವೆ? ಈ ಚಳಿಯಲ್ಲಿ ದಿನಾ ಬೆಳಿಗ್ಗೆ ಕೊಬ್ಬರಿ ಎಣ್ಣೆಗೆ ಏನು ಮಾಡುತ್ತೇವೋ ಅದನ್ನೇ. ಬೆರಳಲ್ಲಿ ಕೆರೆದು ತೆಗೆದು, ಅಂಗೈಯಲ್ಲಿ ಉಜ್ಜಿ ಕರಗಿಸುತ್ತೇವೆ. ಅವರೂ ಅಷ್ಟೇ ಮಾಡಿದರು. ಕರಗಿದ್ದನ್ನು ಡ್ರಾಪರಿನಲ್ಲಿ ಎಳೆದು ತಟ್ಟೆ ತಟ್ಟೆಗೂ ಬಿಟ್ಟರು. ಸೀಸೆ ಖಾಲಿ ಕಾಣಬಾರದೆಂದು ನೀರು ತುಂಬಿದರು, ತಳದಲ್ಲಿ ಉಳಿದದ್ದರ ಜೊತೆ ಅದೂ ಗಟ್ಟಿಯಾಗುತ್ತದೆ ಎಂದುಕೊಂಡರು.

"ಆದ್ರೆ ಆ ದ್ರಾವಕ ಕೊಬ್ಬರಿ ಎಣ್ಣೆ ಅಲ್ಲ. ಚರ್ಮ ಕೆಂಪಾಗಿ ತುರಿಸುತ್ತೆ. ಸೌಂದರ್ಯಮ್ಮ, ನಾನು ಆಗ ಕೇಳಿದ್ದಕ್ಕೆ ನೀವು ಏನು ಹೇಳಿದ್ರಿ, ಇನ್ನೊಂದ್ಸಲ ಹೇಳಿ. ಬಸ್ಸಲ್ಲಿ ಪಕ್ಕದವರು ಯಾಕೆ ಎದ್ದು ಹೋದ್ರು?"

ಸೌಂದರ್ಯ ತಲೆ ತಗ್ಗಿಸಿದಳು. "ಅದು ಚರ್ಮದಿಂದ ರಕ್ತಕ್ಕೆ ಹೋಗಿ, ಉಸಿರಲ್ಲಿ ಹೊರಗೆ ಬರುತ್ತೆ ಸಾರ್. ಒಂದೆರಡು ದಿನ ಬಾಯಿ ಬೆಳ್ಳುಳ್ಳಿ ವಾಸನೆ ಹೊಡೀತಾ ಇರುತ್ತೆ. ಬೆಳ್ಳುಳ್ಳಿ ತಿಂದಿರಲೇಬೇಕು ಅಂತಿಲ್ಲ."

"ಲೈನಿನವರ ಬಾಯಲ್ಲಿ ಬೆಳ್ಳುಳ್ಳಿ ಬಂದ್ರೆ ಅದು ರಾತ್ರಿಯ ಸಾರು. ನನ್ನ ಬಾಯಲ್ಲಿ ಬಂದ್ರೂ ಅಷ್ಟೇ. ಈ ಮನೆಗೆ ಬೆಳ್ಳುಳ್ಳಿಯೇ ಬಂದಿಲ್ಲ, ಹೊರಗೆ ಇವರು ನೀರೂ ಮುಟ್ಟಲ್ಲ. ಬೆಳಿಗ್ಗೆ ನಾನು ಪೆದ್ದ, ವ್ರತ ಕೆಟ್ಟಿದೆ ಅಂದ್ಕೊಂಡೆ. ನಿಮ್ಮ ವ್ರತ ಕೆಟ್ಟಿಲ್ಲ ಸ್ವಾಮಿ, ಊಟದ ಮಟ್ಟಿಗೆ. ಅಂಗೈ ತೋರಿಸ್ತೀರಾ? ಚಗಳಿ ಕಚ್ಚಿದ್ರೆ ಮುಂಗೈ ಮೇಲೆ, ಮೊಣಕೈ ಮೇಲೆ ಎಲ್ಲ ಕಚ್ಚಿರುತ್ತೆ. ಬರೀ ಅಂಗೈ ಹುಡುಕ್ಕೊಂಡು ಬಂದು ಕಚ್ಚಲ್ಲ."

ಧರ್ಮೇಶ್ ಕೈ ಮುಂದೆ ಚಾಚಲಿಲ್ಲ. ಬಚ್ಚಿಡಲೂ ಇಲ್ಲ. ಜಗಲಿಯ ಕಟ್ಟೆ ಮೇಲೆ ಕುಕ್ಕರಿಸಿದ. ಅವನನ್ನು ನೋಡಿದರೆ ಸಿಕ್ಕಿಬಿದ್ದವನಂತೆ ಕಾಣುತ್ತಿರಲಿಲ್ಲ, ಹೊತ್ತ ಮೂಟೆ ಇಳಿಸಿದವನಂತೆ ಕಾಣುತ್ತಿದ್ದ.

"ಸಾಕಾಗಿತ್ತು ಅಣ್ಣ," ಎಂದ.

ಆಮೇಲೆ ನಿಧಾನವಾಗಿ ಬಾಯಿಬಿಟ್ಟ. ಕಾಫಿ ರೇಟು ಬಿದ್ದು ನಾಲ್ಕು ವರ್ಷವಾಯಿತು. ಆಳು, ಗೊಬ್ಬರ, ಕಾಡಾನೆ, ಎಲ್ಲಕ್ಕೂ ನಾನೊಬ್ಬನೇ. ಇದ್ದ ಒಂದು ಗೋಡೌನನ್ನೂ ಅಣ್ಣ ಕೋಳಿಮೊಟ್ಟೆಗೆ ತಗೊಂಡ. ಒಣಗಿದ ಕಾಫಿ ಇಡಲು ಜಾಗವಿಲ್ಲದೆ ಮಲಗುವ ಕೋಣೆಯಲ್ಲಿ ಮೂಟೆ ಪೇರಿಸಿದ್ದೇನೆ. ಕೇಳಿದಾಗಲೆಲ್ಲ ಇನ್ನೊಂದು ವರ್ಷ, ಇನ್ನೊಂದು ವರ್ಷ. ಬಂದವರು ಬೇಡವೆಂದರೆ ಇದು ಮುಚ್ಚುತ್ತದೆ, ಅಣ್ಣ ತೋಟಕ್ಕೆ ಇಳಿಯುತ್ತಾನೆ ಎಂದುಕೊಂಡೆ.

"ಒಂದೇ ಒಂದು ದಿನ ಕಣದಲ್ಲಿ ನನ್ನ ಜೊತೆ ನಿಂತಿದ್ರೆ ಸಾಕಿತ್ತು," ಎಂದ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಳ್ಳಲಿಲ್ಲ.

"ಭವ್ಯಾ ಮೇಲೆ ಹೋಗುತ್ತೆ ಅಂತ ಗೊತ್ತಿತ್ತಾ ಸ್ವಾಮಿ?"

"ಇಲ್ಲ. ನೀರು ಹಾಕಿದ್ದು ಗೊತ್ತಾಗುತ್ತೆ ಅಂತಲೇ ಅಂದ್ಕೊಂಡಿರಲಿಲ್ಲ. ಬೆಳಿಗ್ಗೆ ಗೊತ್ತಾಯ್ತು. ಬಾಯಿ ಬರ್ಲಿಲ್ಲ. ಬೆಟ್ಟ ಹತ್ತಿ ಬಂದ ಮೇಲೆ ಹೇಳೋಣ ಅಂತ..."

ಡಾಕ್ಟರು ಕೆಮ್ಮಿದರು. ಇದು ಮನೆಯ ವಿಷಯ, ಮನೆಯಲ್ಲೇ ಮುಗಿಸಿಕೊಳ್ಳುತ್ತೇವೆ, ದೂರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದರು.

ಸಿದ್ದಬಸಪ್ಪನಿಗೆ ಇಂಥದ್ದು ಹೊಸದಲ್ಲ. "ಬೆಳಿಗ್ಗೆ ಲೈನಿನ ಹುಡುಗಿ ಅಂದಾಗ ಪೊಲೀಸ್ ಕೇಸು. ಈಗ ತಮ್ಮ ಅಂದಾಗ ಮನೆ ವಿಷಯ. ಆಯ್ತು ಡಾಕ್ಟ್ರೇ, ವಾಪಸ್ ತಗೊಳ್ಳಿ, ನಂಗೂ ಬರೆಯೋದು ತಪ್ಪುತ್ತೆ. ಆದ್ರೆ ಇವರು ಈಗಲೇ ಲೈನಿಗೆ ನಡೆದು ಬಂದು, ಆ ತಾಯಿ ಮುಂದೆ ನಿಂತು ತಮ್ಮ ಬಾಯಲ್ಲೇ ಹೇಳ್ಬೇಕು. ಅಲ್ಲೀ ತನಕ ನಾನು ಇಲ್ಲಿಂದ ಅಲ್ಲಾಡಲ್ಲ."

"ಮಾಲೆ ಹಾಕ್ಕೊಂಡು ಹೆಂಗೆ..." ಎಂದ ಧರ್ಮೇಶ್.

"ಹಾಕ್ಕೊಂಡೇ ಮಾಡಿದ್ರಲ್ಲ."

ಲೈನ್ ಮನೆಗಳ ಮುಂದೆ ಬಿಸಿಲು ಇಳಿದಿತ್ತು. ಜವರಮ್ಮನ ಜಗಲಿಯಲ್ಲಿ ಎರಡು ಗಂಟು, ಒಂದು ಟ್ರಂಕು, ಮಡಚಿದ ಚಾಪೆ. ಕಪ್ಪು ಪಂಚೆ ಕಂಡದ್ದೇ ಅವಳು ಓಡಿಬಂದು ಧರ್ಮೇಶನ ಕಾಲಿಗೆ ಬಗ್ಗಿದಳು. ಚಿಕ್ಕವಳು, ತಿಳೀದೆ ಮಾಡಿದ್ದಾಳೆ, ನೀವಾದರೂ ದೊಡ್ಡಗೌಡರಿಗೆ ಒಂದು ಮಾತು ಹೇಳಿ ಸ್ವಾಮೀ ಎಂದು ಗೋಗರೆದಳು.

ಧರ್ಮೇಶ್ ಬೆಂಕಿ ತುಳಿದವನಂತೆ ಹಿಂದೆ ಸರಿದ. "ಮುಟ್ಬೇಡ ಜವರಮ್ಮ. ಅವಳು ಮಾಡಿಲ್ಲ. ನಾನು ಮಾಡಿದ್ದು."

ಜವರಮ್ಮ ಬಗ್ಗಿದಲ್ಲಿಂದಲೇ ತಲೆ ಎತ್ತಿ ಅವನನ್ನು ನೋಡಿದಳು. ಆಮೇಲೆ ಸಿದ್ದಬಸಪ್ಪನನ್ನು. ಅವನು ಹೌದೆಂದು ತಲೆಯಾಡಿಸಿದ.

"ಅವಳು ಮಾಡಿಲ್ವಾ?"

"ಇಲ್ಲ. ಮನೆ ಬಿಡೋದೂ ಬೇಡ."

ಅವಳು ಅಲ್ಲೇ ನೆಲಕ್ಕೆ ಕೂತುಬಿಟ್ಟಳು. "ಮಾಡಿಲ್ಲ ಮಾಡಿಲ್ಲ ಅಂತ ಎಷ್ಟು ಬಡ್ಕೊಂಡ್ಳು. ದೊಡ್ಡೋರು ಸುಳ್ಳು ಹೇಳ್ತಾರಾ ಅಂತ ನಾನೇ ಹೊಡೆದೆ. ಸೌದೆ ತಗೊಂಡು ಹೊಡೆದುಬಿಟ್ಟೆನಲ್ಲ ಸ್ವಾಮೀ."

ಒಳಗಿನಿಂದ ಭವ್ಯಾ ಬಂದಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು, ಮೊಣಕೈಯಿಂದ ಕೆಳಗೆ ಬಾತಿತ್ತು. ಅವಳು ಯಾರ ಮುಖವನ್ನೂ ನೋಡದೆ ಗಂಟಿನ ಮುಂದೆ ಕೂತು, ಒಂದೇ ಕೈಯಲ್ಲಿ ಅದನ್ನು ಬಿಚ್ಚತೊಡಗಿದಳು.

"ಏಳವ್ವಾ," ಎಂದಳು. "ಪಾತ್ರೆ ತೆಗಿ. ಅಕ್ಕಿ ಇಡ್ಬೇಕು."